ಹದಿನೇಳನೆಯ ಶನಿವಾರ

ವಿಶ್ವವಿದ್ಯಾಲಯ ಒಂದು ಹೊಸ ಕೇಂದ್ರ ತೆರೆಯುವ ಕ್ರಮವೇ ಬೇರೆ. ಮೊದಲು ಬೋರ್ಡು ಬರುತ್ತದೆ, ಆಮೇಲೆ ಉದ್ಘಾಟನೆಯ ಕಲ್ಲು, ಅದರ ಹಿಂದೆಯೇ ಬೀಗ. ಮನುಷ್ಯರು ಬರುವುದು ಕಟ್ಟಕಡೆಗೆ, ಅದೂ ಬಂದರೆ ಬಂದರು. ಪರಿಸರ ಆರೋಗ್ಯ ಸಂಶೋಧನಾ ಕೇಂದ್ರಕ್ಕೆ ಆರು ಹುದ್ದೆ ಮಂಜೂರಾಗಿ ಎರಡು ವರ್ಷ ಕಳೆದಿತ್ತು. ಆರರಲ್ಲಿ ಭರ್ತಿಯಾದದ್ದು ಒಂದೇ ಒಂದು, ನಿರ್ದೇಶಕಿ ಡಾ. ರೆಹಾನಾ ಅವರದ್ದು. ಎರಡನೆಯ ಕುರ್ಚಿಗೆ ಭೂವಿಜ್ಞಾನ ವಿಭಾಗದಿಂದ ಸರ್ವಮಂಗಳಾಳನ್ನು ಎತ್ತಿ ಹಾಕಿದರು.

ಸರ್ವಮಂಗಳಾ ಇಪ್ಪತ್ತೆಂಟು ವರ್ಷ ಕಲ್ಲು ಕೊಯ್ದವಳು. ಎಂಥ ಬಂಡೆಯ ಚೂರು ಕೊಟ್ಟರೂ ಅದನ್ನು ಬಿಲ್ಲೆಯಾಗಿ ಕೊಯ್ದು, ಗಾಜಿಗೆ ಅಂಟಿಸಿ, ಆಚೆಯ ಬೆಳಕು ಈಚೆಗೆ ಹಾಯುವಷ್ಟು ತೆಳ್ಳಗೆ ಉಜ್ಜಿ ಕೊಡುವುದು ಅವಳ ಕೆಲಸ. ಅವಳು ಕೊಯ್ದ ಬಿಲ್ಲೆಗಳನ್ನು ನೋಡಿ ಡಾಕ್ಟರೇಟ್ ಪಡೆದವರು ಇಪ್ಪತ್ತು ಜನವಾದರೂ ಇದ್ದಾರೆ. ಹೊಸ ಜಾಗಕ್ಕೆ ಬಂದ ದಿನ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಕಲ್ಲು ಎಲ್ಲಿಟ್ಟಿದ್ದೀರ ಮೇಡಂ?”

“ಕಲ್ಲಿಲ್ಲ ಮಂಗಳಮ್ಮ. ಇದನ್ನ ಕೊಯ್ದು ಕೊಡ್ತೀರಾ?” ಎಂದು ರೆಹಾನಾ ಪುಟ್ಟ ಶೀಶೆಯೊಂದನ್ನು ಅವಳ ಅಂಗೈಯಲ್ಲಿಟ್ಟರು. ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹಾಲುಹಲ್ಲು. “ನನ್ನ ಮಗಳದ್ದು. ಹೋದ ತಿಂಗಳು ಬಿತ್ತು.”

ಕೇಂದ್ರಕ್ಕೆ ಕೊಟ್ಟಿದ್ದ ಕಟ್ಟಡ ವಿಶ್ವವಿದ್ಯಾಲಯದ ಹಳೆಯ ಮುದ್ರಣಾಲಯ. ಸರ್ವಮಂಗಳಾಳ ಅಪ್ಪ ಅಲ್ಲಿಯೇ ಅಚ್ಚುಮೊಳೆ ಜೋಡಿಸುತ್ತಿದ್ದವರು. ಈಗ ಮೊಳೆಯ ಪೆಟ್ಟಿಗೆಗಳಿದ್ದ ಜಾಗದಲ್ಲಿ ಬೀರುವಿನಷ್ಟು ದೊಡ್ಡ ಯಂತ್ರವೊಂದು ನಿಂತಿತ್ತು. ರೆಹಾನಾ ಒಂಬತ್ತು ವರ್ಷ ಕಷ್ಟಪಟ್ಟು ಕಟ್ಟಿದ ಯಂತ್ರ ಅದು. ಹೆಸರು ದಿನದರ್ಶಿ. ನಡೆಸಲು ನಾಲ್ಕು ಜನ ಬೇಕಾದ ಅದನ್ನು ಅವರೊಬ್ಬರೇ ಓಡಾಡಿಕೊಂಡು ನಡೆಸುತ್ತಿದ್ದರು.

ಸರ್ವಮಂಗಳಾ ಮಧ್ಯಾಹ್ನದೊಳಗೆ ಹಲ್ಲನ್ನು ಕೊಯ್ದು ಕೊಟ್ಟಳು. ಬಿಲ್ಲೆಯನ್ನು ಯಂತ್ರದೊಳಗಿಟ್ಟಾಗ ತೆರೆಯ ಮೇಲೆ ಗೆರೆಗಳು ಮೂಡಿದವು. ಒಂದರ ಪಕ್ಕ ಒಂದು, ನೂರಾರು ಗೆರೆ.

“ಹಲ್ಲು ಬೆಳೆಯೋದು ದಿನಕ್ಕೊಂದು ಪದರ,” ಎಂದರು ರೆಹಾನಾ. “ತಾಯಿ ಹೊಟ್ಟೆಯಲ್ಲಿ ನಾಲ್ಕು ತಿಂಗಳು ತುಂಬೋ ಹೊತ್ತಿಗೆ ಶುರುವಾಗುತ್ತೆ. ಆ ದಿನ ತಾಯಿ ಏನು ಉಸಿರಾಡಿದಳು, ಏನು ಕುಡಿದಳು, ಅದರ ಒಂದು ಕಣ ಆ ದಿನದ ಪದರದಲ್ಲಿ ಉಳಿದುಬಿಡುತ್ತೆ. ಈ ಯಂತ್ರ ಬೆಳಕಿನ ಸೂಜಿಯಿಂದ ಪ್ರತಿ ಪದರವನ್ನೂ ಚೂರು ಸುಟ್ಟು, ಆ ಹೊಗೇಲಿ ಏನೇನಿದೆ ಅಂತ ತೂಗಿ ಹೇಳುತ್ತೆ.”

ಸೂಜಿ ಸರಿಯತೊಡಗಿತು. ನಡುವೆ ದಪ್ಪನೆಯ ಕಪ್ಪು ಗೆರೆಯೊಂದು ಬಂತು.

“ಇದು ಅವಳು ಹುಟ್ಟಿದ ದಿನ. ಭೂಮಿಗೆ ಬಿದ್ದ ಪೆಟ್ಟು ಪ್ರತಿಯೊಬ್ಬರ ಹಲ್ಲಲ್ಲೂ ಇರುತ್ತೆ. ಇಲ್ಲಿ ನೋಡಿ, ಒಂಬತ್ತು ದಿನ ಜ್ವರ. ಇಲ್ಲಿ ಅಮ್ಮೀಜಾನ್ ಮನೆಗೆ ಹೋಗಿದ್ವಿ, ಅಲ್ಲಿನ ಬೋರ್‌ವೆಲ್ ನೀರು ಬೇರೆ.”

ಸರ್ವಮಂಗಳಾಗೆ ಮೈ ಜುಮ್ಮೆಂದಿತು. ಇನ್ನೂರು ಕೋಟಿ ವರ್ಷದ ಕಲ್ಲನ್ನು ಕೊಯ್ದಾಗಲೂ ಅವಳಿಗೆ ಹೀಗಾಗಿರಲಿಲ್ಲ. ಕಲ್ಲಿಗೆ ವಯಸ್ಸಿತ್ತು, ದಿನಗಳಿರಲಿಲ್ಲ. ಈ ಚೂರಿನಲ್ಲಿ ಒಂದು ಮಗುವಿನ ಒಂದೊಂದು ಬೆಳಗೂ ಒಂದೊಂದು ಬೈಗೂ, ಯಾರೂ ಬರೆಯದೆ, ಯಾರೂ ಅಳಿಸದೆ ಕೂತಿತ್ತು. ತನ್ನ ಬಾಯಲ್ಲೂ ಇಂಥದ್ದು ಇತ್ತಲ್ಲ, ಬಿದ್ದ ಕೂಡಲೇ ಎಸೆದುಬಿಟ್ಟೆನಲ್ಲ ಎಂದುಕೊಂಡಳು. ಆಗಲೇ ಅವಳಿಗೆ ಹಿಂದಿನ ಮನೆಗಳ ನೆನಪಾದದ್ದು.

ಮುದ್ರಣಾಲಯದ ಹಿಂಗೋಡೆಗೆ ತಾಗಿದಂತೆ ನೌಕರರ ಹೆಂಚಿನ ಮನೆಗಳ ಸಾಲಿತ್ತು. ಅವಳು ಬೆಳೆದದ್ದು ಅಲ್ಲಿ. ಆ ಸಾಲಿನ ಮಕ್ಕಳು ಹಲ್ಲು ಬಿದ್ದರೆ ಸಗಣಿಯ ಉಂಡೆಯಲ್ಲಿಟ್ಟು, ಹೊಸ ಹಲ್ಲು ಬೇಗ ಬರಲೆಂದು ಬೇಡಿಕೊಂಡು, ಸೂರಿನ ಮೇಲೆ ಎಸೆಯುತ್ತಿದ್ದರು. ಕೇಂದ್ರಕ್ಕೆ ಹೊಸ ಕಟ್ಟಡ ಕೊಡುತ್ತೇವೆಂದು ವಿಶ್ವವಿದ್ಯಾಲಯ ಆ ವಾರವೇ ಹಳೆಯ ಮನೆಗಳ ಹೆಂಚು ಇಳಿಸುತ್ತಿತ್ತು. ಸರ್ವಮಂಗಳಾ ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಎರಡು ಸೂರು ಸೇರುವ ಕಡೆ ಮಳೆನೀರು ಹರಿಯಲು ಹಾಕಿದ್ದ ತಗಡಿನ ದೋಣಿಯಲ್ಲಿ ನಲವತ್ತು ವರ್ಷದ ಧೂಳು ಗಟ್ಟಿಯಾಗಿತ್ತು. ಅದನ್ನು ಮೂಟೆ ಕಟ್ಟಿ ತಂದು ಜರಡಿ ಹಿಡಿದಾಗ ಮುನ್ನೂರ ಹದಿನಾಲ್ಕು ಹಲ್ಲು ಸಿಕ್ಕವು.

ರೆಹಾನಾ ಹಲ್ಲು ತುಂಬಿದ ತಟ್ಟೆಯನ್ನು ಬೆಳಕಿಗೆ ಎಳೆದುಕೊಂಡರು. “ಮಂಗಳಮ್ಮ, ಇಷ್ಟು ಹಲ್ಲು ಸೇರಿಸೋಕೆ ಬೇರೆ ದೇಶದಲ್ಲಿ ಇಪ್ಪತ್ತು ವರ್ಷ ಬೇಕಾಯ್ತು. ನೀವು ಒಂದು ಮೂಟೇಲಿ ತಂದಿದ್ದೀರಿ” ಎಂದರು.

ಮನೆಯಲ್ಲಿ ಸರ್ವಮಂಗಳಾ ಇದನ್ನು ಹೇಳಿದಾಗ ಅವಳ ತಾಯಿ ಹೊನ್ನಮ್ಮ ಅನ್ನ ಬಡಿಸುತ್ತಲೇ ಕೇಳಿಸಿಕೊಂಡಳು. ಎಪ್ಪತ್ತೆಂಟರ ಹೆಂಗಸು, ಮಾತು ಕಡಿಮೆ. ಮೂಲೆಯಲ್ಲಿ ಈರಣ್ಣ ಊಟಕ್ಕೆ ಕೂತಿದ್ದ. ಸರ್ವಮಂಗಳಾಳ ತಮ್ಮ, ಐವತ್ತು ತುಂಬಿದೆ, ಇಪ್ಪತ್ತರ ಮೇಲೆ ಎಣಿಸಲು ಬಾರದು. ವಿಶ್ವವಿದ್ಯಾಲಯದ ತೋಟದಲ್ಲಿ ಗಿಡಗಳಿಗೆ ನೀರು ಹಾಕುತ್ತಾನೆ. ಇಪ್ಪತ್ತು ಗಿಡ ಆದ ಮೇಲೆ ಮತ್ತೆ ಒಂದರಿಂದ ಶುರು ಮಾಡುತ್ತಾನೆ, ಒಂದು ಗಿಡವನ್ನೂ ಬಿಡುವುದಿಲ್ಲ.

ಆ ಮನೆಯಲ್ಲಿ ತರಕಾರಿ ಹೆಚ್ಚುವುದು ಯಾವತ್ತೂ ಸರ್ವಮಂಗಳಾಳೇ. ಹತ್ತಿರ ಹತ್ತಿರ ಐವತ್ತು ವರ್ಷದಿಂದ ಹೊನ್ನಮ್ಮ ಈಳಿಗೆಮಣೆ ಮುಟ್ಟಿಲ್ಲ. ಈರಣ್ಣ ಹೊಟ್ಟೆಯಲ್ಲಿದ್ದಾಗ ಸಂಪೂರ್ಣ ಸೂರ್ಯಗ್ರಹಣ ಬಂದಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಉಪವಾಸ ಕೂತಿದ್ದಾಗ ಹೊನ್ನಮ್ಮ ಈಳಿಗೆಮಣೆಯ ಮೇಲೆ ಕೂತು ಒಂದು ಸೌತೆಕಾಯಿ ಹೆಚ್ಚಿದಳು. ಪಕ್ಕದ ಮನೆಯವಳು ಕಿಟಕಿಯಿಂದ ನೋಡಿದಳು. ಹುಟ್ಟಿದ ಮಗು ಮೂರು ವರ್ಷವಾದರೂ ಮಾತಾಡದಿದ್ದಾಗ ಸಾಲಿನವರೆಲ್ಲ ಕಾರಣ ಹೇಳಿದ್ದು ಅದೊಂದನ್ನೇ. ಅತ್ತೆ ಹೇಳಿದಳು, ನಾದಿನಿಯರು ಹೇಳಿದರು, ಕೊನೆಗೆ ಗಂಡನೂ ಹೇಳಿದ. ಹೊನ್ನಮ್ಮ ಎದುರು ಮಾತಾಡಲಿಲ್ಲ. ಈಳಿಗೆಮಣೆಯನ್ನು ಮಗಳ ಕಡೆ ತಳ್ಳಿದಳು. ಒಂಬತ್ತನೇ ವಯಸ್ಸಿನಿಂದ ಕೊಯ್ದು ಕೊಯ್ದು ಪಳಗಿದ ಕೈ ಅದು, ಆಮೇಲೆ ಕಲ್ಲಿಗೂ ಆಯಿತು.

ಯಾಕೆ ಹೆಚ್ಚಿದೆ ಎಂದು ಹೊನ್ನಮ್ಮ ಯಾರಿಗೂ ಹೇಳಿಲ್ಲ. ಸರ್ವಮಂಗಳಾಗೆ ಮಾತ್ರ ಗೊತ್ತು. ಆಗ ಅವಳಿಗೆ ಆರು ವರ್ಷ. ಹಸಿವು ಹಸಿವು ಎಂದು ನೆಲಕ್ಕೆ ಬಿದ್ದು ಹಟ ಮಾಡಿದ್ದು ಅವಳೇ.

ಯಂತ್ರ ಸೂರಿನ ಮೇಲೆ ಸಿಕ್ಕ ಹಲ್ಲುಗಳನ್ನು ಓದತೊಡಗಿದ ಮೂರನೆಯ ವಾರ ರೆಹಾನಾ ತಲೆಯ ಮೇಲೆ ಕೈಹೊತ್ತು ಕೂತರು. ಹಲ್ಲುಗಳಲ್ಲಿ ಸೀಸ ಸಿಕ್ಕಿತ್ತು, ಮಗುವಿನ ಮಿದುಳನ್ನು ಸದ್ದಿಲ್ಲದೆ ತಿನ್ನುವ ಸೀಸ. ಆದರೆ ಅದು ದಿನಾ ಇರಲಿಲ್ಲ. ಒಂದು ದಿನ ಏರುತ್ತಿತ್ತು, ಆರು ದಿನ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಪ್ರತಿ ಹಲ್ಲಿನಲ್ಲೂ ಹಾಗೆಯೇ.

ಕುಲಸಚಿವ ಶಿವನಂಜಪ್ಪನವರು ಬಂದು ತೆರೆಯನ್ನು ನೋಡಿದರು. ಕೇಂದ್ರಕ್ಕೆ ಜನ, ಯಂತ್ರ ಎಲ್ಲವನ್ನೂ ಖಾಯಂ ಮಾಡಬೇಕೋ ಬೇಡವೋ ಎಂದು ಹೇಳುವ ಸಮಿತಿಗೆ ಅವರೇ ಅಧ್ಯಕ್ಷರು. ವೃತ್ತಿಯಿಂದ ಸಂಖ್ಯಾಶಾಸ್ತ್ರದ ಮೇಷ್ಟ್ರು.

“ಏಳು ದಿನಕ್ಕೊಂದ್ಸಲ ಸರಿಯಾಗಿ ಏರ್ತದೆ ಅಂದ್ರೆ ಅದು ಯಂತ್ರದ ದೋಷ ಡಾಕ್ಟ್ರೇ. ಸೂರ್ಯಂಗೆ ದಿನ ಗೊತ್ತು, ಚಂದ್ರಂಗೆ ತಿಂಗಳು ಗೊತ್ತು. ಪ್ರಕೃತೀಲಿ ವಾರ ಅನ್ನೋದು ಎಲ್ಲಿದೆ? ಗುರುವಾರ ಸಮಿತಿ ಬರುತ್ತೆ. ಅಷ್ಟರಲ್ಲಿ ಸರಿಯಾದ ವಿವರಣೆ ಕೊಡಿ. ಇಲ್ದಿದ್ರೆ ಯಂತ್ರ ಭೌತಶಾಸ್ತ್ರಕ್ಕೆ ಹೋಗುತ್ತೆ, ಹುದ್ದೆ ವಾಪಸ್ಸು.”

ಅವರು ಹೋದ ಮೇಲೆ ಸರ್ವಮಂಗಳಾ ಎದ್ದು ಕಟ್ಟಡದ ಹಿಂಗೋಡೆಯ ಹತ್ತಿರ ಹೋದಳು. ಸುಣ್ಣದ ಕೆಳಗೆ ಇನ್ನೂ ಮಸಿಯ ಕಪ್ಪು ಕಾಣುತ್ತಿತ್ತು. ಅಪ್ಪ ಶನಿವಾರ ಮನೆಗೆ ಬಂದರೆ ಅಂಗಿಗೆ ಬೇರೆಯದೇ ವಾಸನೆ ಇರುತ್ತಿತ್ತು, ನಾಲಿಗೆಗೆ ಸಿಹಿಯಂತೆ ತಾಗುವ ವಾಸನೆ. ವಾರವೆಲ್ಲ ಒತ್ತಿ ಸವೆದ ಸೀಸದ ಅಚ್ಚುಮೊಳೆಗಳನ್ನು ಶನಿವಾರ ಕಡಾಯಿಯಲ್ಲಿ ಕರಗಿಸಿ, ಸೋಮವಾರಕ್ಕೆ ಹೊಸ ಮೊಳೆ ಎರಕ ಹೊಯ್ಯುತ್ತಿದ್ದರು. ಒಲೆಯ ಹೊಗೆಕೊಳವೆ ಈ ಗೋಡೆಯಿಂದ ಹೊರಗೆ ಹೋಗಿ, ಹಿಂದಿನ ಮನೆಗಳ ಕಿಟಕಿಯ ಎತ್ತರದಲ್ಲಿ ಬಾಯಿ ಬಿಡುತ್ತಿತ್ತು.

“ಮೇಡಂ,” ಎಂದಳು. “ಪ್ರಕೃತಿಗೆ ವಾರ ಗೊತ್ತಿಲ್ಲ. ಮುದ್ರಣಾಲಯಕ್ಕೆ ಗೊತ್ತಿತ್ತು.”

ಅವಳ ಮಾತು ಕೇಳಿ ರೆಹಾನಾ ಗೋಡೆಯನ್ನು ನೋಡಿದರು, ತೆರೆಯನ್ನು ನೋಡಿದರು. ಅಪ್ಪ ಕರಗಿಸಿದ ಸೀಸ, ಆ ಸಾಲಿನ ಅಷ್ಟೂ ಮಕ್ಕಳ ಬಾಯಲ್ಲಿ ವಾರ ವಾರವೂ ಹಾಜರಿ ಹಾಕಿತ್ತು. ಇಬ್ಬರಿಗೂ ಭಯವಾಯಿತು, ಭಯದ ಜೊತೆಗೆ ಹೇಳಲಾರದಂಥ ಬೆರಗೂ ಆಯಿತು.

“ಆದರೆ ಶನಿವಾರವೇ ಅಂತ ಹೇಗೆ ತೋರಿಸೋದು?” ಎಂದರು ರೆಹಾನಾ. “ಈ ಹಲ್ಲು ಯಾರ್ಯಾರದ್ದೋ. ಹುಟ್ಟಿದ ತಾರೀಕು ಗೊತ್ತಿರೋ ಮಗುವಿನ ಹಲ್ಲು ಒಂದೇ ಒಂದು ಸಿಕ್ಕಿದ್ರೆ ಸಾಕು. ಹುಟ್ಟಿದ ಗೆರೆಯಿಂದ ದಿನ ಎಣಿಸಬಹುದು. ಆ ಸಾಲಿನಲ್ಲಿ ಯಾರಾದರೂ ಹಲ್ಲು ಇಟ್ಟುಕೊಂಡಿರ್ತಾರಾ?”

ಹಾಗೆ ಇಟ್ಟುಕೊಂಡವರು ಒಬ್ಬರಿದ್ದರು. ಈರಣ್ಣನ ಮೊದಲ ಹಲ್ಲು ಬಿದ್ದಾಗ ಪಕ್ಕದ ಮನೆಯವಳು ಬಾಗಿಲಿಗೇ ಬಂದಿದ್ದಳು. ಗ್ರಹಣ ಹಿಡಿದ ಕೂಸಿನ ಹಲ್ಲು ನಮ್ಮೆಲ್ಲರ ಸೂರಿನ ಮೇಲೆ ಬೇಡ ಎಂದಿದ್ದಳು. ಹೊನ್ನಮ್ಮ ಮಗನ ಹಲ್ಲುಗಳನ್ನು ಒಂದೊಂದಾಗಿ ನಶ್ಯದ ಡಬ್ಬಿಯಲ್ಲಿ ಹಾಕಿ ದೇವರ ಗೂಡಿನ ಹಿಂದೆ ಇಟ್ಟಳು.

ಸರ್ವಮಂಗಳಾ ಎರಡು ದಿನ ಆ ಡಬ್ಬಿಯ ಮಾತೆತ್ತಲಿಲ್ಲ. ಅವಳು ವಿಜ್ಞಾನದ ಮನೆಯಲ್ಲೇ ಅನ್ನ ತಿಂದವಳು, ಗ್ರಹಣಕ್ಕೂ ಗರ್ಭಕ್ಕೂ ಸಂಬಂಧವಿಲ್ಲ ಎಂದು ಬಲ್ಲಳು. ಆದರೂ ಎದೆಯೊಳಗೆ ಆರು ವರ್ಷದ ಹುಡುಗಿಯೊಬ್ಬಳು ಇನ್ನೂ ಕೂತಿದ್ದಳು. ಆ ಹಲ್ಲನ್ನು ಯಂತ್ರಕ್ಕಿಟ್ಟರೆ ಗ್ರಹಣದ ದಿನವೂ ತೆರೆಯ ಮೇಲೆ ಬರುತ್ತದೆ. ಆ ದಿನದ ಗೆರೆ ಕಪ್ಪಾಗಿದ್ದರೆ? ಅವತ್ತು ಏನೋ ಆಗಿತ್ತು ಎಂದು ಯಂತ್ರವೇ ಹೇಳಿಬಿಟ್ಟರೆ? ಸಾಲಿನವರ ಬಾಯಿಯನ್ನಾದರೂ ಮರೆಯಬಹುದು, ಯಂತ್ರ ಹೇಳಿದ್ದನ್ನು ಅವ್ವ ಹೇಗೆ ಮರೆತಾಳು? ತಾನು ಹೇಗೆ ಮರೆತೇನು?

ಬುಧವಾರ ಬೆಳಗ್ಗೆ ಕಾಫಿ ಕೊಡುವಾಗ ಕೇಳಿಯೇಬಿಟ್ಟಳು.

“ಅವ್ವ, ಈರಣ್ಣನ ಹಲ್ಲು ಬೇಕಾಗಿತ್ತು.”

ಹೊನ್ನಮ್ಮ ಲೋಟ ಕೆಳಗಿಟ್ಟಳು. “ಅದರಾಗೆ ಎಲ್ಲಾ ದಿನ ಕಾಣ್ತದಾ?”

“ಕಾಣ್ತದೆ.”

“ಆ ದಿನಾನೂ?”

“ಆ ದಿನಾನೂ ಅವ್ವ.”

ಮುದುಕಿ ಎದ್ದು ಹೋಗಿ ಗೂಡಿನ ಹಿಂದಿನಿಂದ ಡಬ್ಬಿ ತಂದಳು. “ತಗಂಡೋಗು. ಐವತ್ತು ವರ್ಷ ಎಲ್ಲಾರ ಬಾಯಾಗೂ ಕೇಳಿವ್ನಿ. ಅವನ ಹಲ್ಲು ಏನಂತದೋ ಅದನ್ನೂ ಕೇಳ್ಬುಡಾನ. ಏನೇ ಇದ್ರೂ ಮುಚ್ಚಬ್ಯಾಡ ಕಣೆ ಮಂಗ್ಳಾ.”

ಡಬ್ಬಿಯಲ್ಲಿ ಹುಳುಕಿಲ್ಲದ ಹಲ್ಲು ಒಂದೇ ಒಂದಿತ್ತು, ಒಂದು ದವಡೆ ಹಲ್ಲು. ಗುರುವಾರ ಬೆಳಗ್ಗೆ ಸರ್ವಮಂಗಳಾ ಅದನ್ನು ಗರಗಸಕ್ಕೆ ಕೊಟ್ಟಳು. ಕೈ ಜಾರಿದರೆ ಇನ್ನೊಂದಿಲ್ಲ. ಅವಳ ಜೀವಮಾನದಲ್ಲಿ ಯಾವ ಬಿಲ್ಲೆಯನ್ನೂ ಇಷ್ಟು ನಿಧಾನವಾಗಿ ಉಜ್ಜಿರಲಿಲ್ಲ. ಮುಗಿದಾಗ ಬೆಳಕಿಗೆ ಹಿಡಿದು ನೋಡಿದಳು. ತಮ್ಮನ ಹಲ್ಲಿನೊಳಗಿಂದ ಕಿಟಕಿಯ ಆಚೆಯ ಬೇವಿನ ಮರ ಕಾಣಿಸಿತು.

ಸಮಿತಿಯ ಮೂವರು ಬಂದು ಕೂತರು. ಯಾರಿಗೂ ಅನುಮಾನ ಬರಬಾರದೆಂದು ರೆಹಾನಾ ಅವರೆದುರಿಗೇ ಯಂತ್ರ ಓಡಿಸಿದರು. ಈರಣ್ಣ ಹುಟ್ಟಿದ್ದು ಒಂದು ಶುಕ್ರವಾರ, ಆಸ್ಪತ್ರೆಯ ಚೀಟಿ ಮೇಜಿನ ಮೇಲಿತ್ತು. ಹುಟ್ಟಿದ ಗೆರೆ ಮೂಡಿತು. ಅಲ್ಲಿಂದ ಸೂಜಿ ಹಿಂದಕ್ಕೆ, ತಾಯಿಯ ಗರ್ಭದ ಕಡೆಗೆ ಸರಿಯತೊಡಗಿತು.

ಆರು ದಿನ ಹಿಂದೆ ಹೋದಾಗ ಸೀಸದ ಗೆರೆ ಎದ್ದಿತು.

“ಶನಿವಾರ,” ಎಂದರು ರೆಹಾನಾ.

ಮತ್ತೆ ಏಳು ದಿನ. ಮತ್ತೆ ಎದ್ದಿತು. ಶಿವನಂಜಪ್ಪನವರು ಜೇಬಿನಿಂದ ಪೆನ್ನು ತೆಗೆದು ತಾವೇ ಎಣಿಸತೊಡಗಿದರು. ಮೂರು, ನಾಲ್ಕು, ಐದು. ಒಂದೂ ತಪ್ಪಲಿಲ್ಲ. ಇನ್ನೂ ಹುಟ್ಟಿರದ ಒಂದು ಮಗು, ಕತ್ತಲೊಳಗೆ ಕೂತು, ಹೊರಗಿನ ಲೋಕದ ಶನಿವಾರಗಳನ್ನು ಒಂದೂ ಬಿಡದೆ ಗುರುತು ಹಾಕಿಕೊಂಡಿತ್ತು. ಇಪ್ಪತ್ತರ ಮೇಲೆ ಎಣಿಸಲಾರದ ಈರಣ್ಣ ಅಲ್ಲಿ ನೂರರ ಮೇಲೂ ಎಣಿಸಿದ್ದ. ಸರ್ವಮಂಗಳಾಳ ಕಣ್ಣು ತುಂಬಿ ಬಂತು.

“ಹದಿನಾರು,” ಎಂದರು ಶಿವನಂಜಪ್ಪನವರು.

ಸರ್ವಮಂಗಳಾ ಕುರ್ಚಿಯ ಹಿಡಿ ಹಿಡಿದುಕೊಂಡಳು. ಅವಳು ಪಂಚಾಂಗ ನೋಡಿ ಮೊದಲೇ ಲೆಕ್ಕ ಹಾಕಿದ್ದಳು. ಹುಟ್ಟಿದ ಗೆರೆಯಿಂದ ಹಿಂದಕ್ಕೆ ನೂರ ಹದಿನೆಂಟನೆಯ ದಿನ ಗ್ರಹಣ. ಅದೂ ಒಂದು ಶನಿವಾರವೇ. ಹದಿನೇಳನೆಯದು. ಸೂಜಿ ಒಂದೊಂದೇ ದಿನ ದಾಟಿತು. ನೂರ ಹದಿನಾರು, ನೂರ ಹದಿನೇಳು, ನೂರ ಹದಿನೆಂಟು.

ಏನೂ ಏಳಲಿಲ್ಲ.

ಸೂಜಿ ಇನ್ನೂ ಹಿಂದಕ್ಕೆ ಹೋಯಿತು. ನೂರ ಇಪ್ಪತ್ತೈದರಲ್ಲಿ ಮತ್ತೆ ಸೀಸ, ಅದರ ಹಿಂದಿನ ವಾರವೂ ಸೀಸ, ಹಲ್ಲು ಹುಟ್ಟಿದ ಮೊದಲ ದಿನಗಳವರೆಗೂ ಸೀಸ. ನಡುವೆ ಆ ಒಂದು ಶನಿವಾರ ಮಾತ್ರ ತೊಳೆದಿಟ್ಟಷ್ಟು ಶುಭ್ರವಾಗಿತ್ತು.

“ಇದೊಂದು ಯಾಕೆ ತಪ್ಪಿತು?” ಎಂದು ಸಮಿತಿಯ ಒಬ್ಬರು ಕೇಳಿದರು. “ಇಲ್ಲಿ ಯಂತ್ರ ಎಡವಿತಾ?”

ರೆಹಾನಾ ಯಂತ್ರದ ಅಂಕಿಗಳನ್ನು ಮತ್ತೆ ನೋಡಿದರು. ಶಿವನಂಜಪ್ಪನವರು ತಾರೀಕು ಲೆಕ್ಕ ಹಾಕಿ, ಪೆನ್ನು ಮೇಜಿನ ಮೇಲಿಟ್ಟರು.

“ಎಡವಿಲ್ಲ,” ಎಂದರು ನಿಧಾನವಾಗಿ. “ಅವತ್ತು ಗ್ರಹಣ. ನಾನು ನಾಕನೇ ಕ್ಲಾಸು. ಬೀದೀಲಿ ಒಂದು ನಾಯೀನೂ ಇರಲಿಲ್ಲ. ಯಾವ ಆಫೀಸಿಗೂ ಯಾರೂ ಬರಲಿಲ್ಲ. ಇಲ್ಲಿ ಒಲೆ ಯಾರು ಹಚ್ತಾರೆ?” ಅವರು ಎದ್ದು ತೆರೆಯ ಹತ್ತಿರ ಬಂದರು. “ಯಂತ್ರ ಸುಳ್ಳು ಹೇಳೋದಾಗಿದ್ರೆ ಇಲ್ಲೂ ಒಂದು ಗೆರೆ ಎಬ್ಬಿಸ್ತಿತ್ತು. ಅವತ್ತು ಒಲೆ ಹತ್ತಿಲ್ಲ ಅನ್ನೋದೂ ಇದಕ್ಕೆ ಗೊತ್ತು!”

ಅವರ ಧ್ವನಿಯಲ್ಲಿ ಅಧಿಕಾರ ಇರಲಿಲ್ಲ, ನಾಲ್ಕನೇ ಕ್ಲಾಸಿನ ಹುಡುಗನ ಬೆರಗಿತ್ತು. ಆಮೇಲೆ ತಿರುಗಿ ಕೇಳಿದರು, “ಈ ಹಲ್ಲು ಯಾರದ್ದು ಮಂಗಳಮ್ಮ?”

“ನನ್ನ ತಮ್ಮಂದು ಸಾರ್. ನಿಮ್ಮ ಆಫೀಸಿನ ಮುಂದಿನ ಗಿಡಕ್ಕೆ ನೀರು ಹಾಕ್ತಾನಲ್ಲ, ಅವನು.”

ಶಿವನಂಜಪ್ಪನವರು ಕೂತುಬಿಟ್ಟರು. ಸಮಿತಿಯಲ್ಲೊಬ್ಬರು ಮೆಲ್ಲಗೆ, ಇದು ಹೊರಗೆ ಹೋದರೆ ವಿಶ್ವವಿದ್ಯಾಲಯದ ಮೇಲೇ ಬರುತ್ತಲ್ಲ, ಒಂದಷ್ಟು ದಿನ ತಡೆಯೋಣವೇ ಎಂದರು.

“ನಮ್ಮ ಒಲೆ, ನಮ್ಮ ಹೊಗೆ. ನಮ್ಮ ಮೇಲೆ ಬರದೆ ಇನ್ಯಾರ ಮೇಲೆ ಬರಬೇಕು?” ಎಂದರು ಶಿವನಂಜಪ್ಪನವರು. “ಆರು ಹುದ್ದೇನೂ ಈ ತಿಂಗಳೇ ತುಂಬಿಸಿ ಅಂತ ನಾನು ಬರೀತೀನಿ. ಒಬ್ಬ ವೈದ್ಯರೂ ಬೇಕು ಅಂತ ಸೇರಿಸ್ತೀನಿ. ಆ ಸಾಲಿನಲ್ಲಿ ಬೆಳೆದೋರು ಎಲ್ಲೆಲ್ಲಿದ್ದಾರೋ ಹುಡುಕಿ ಕರೆಸಬೇಕು. ಈಗಲೂ ಸೀಸ ಕರಗಿಸೋ ಒಲೆ ಉರೀತಿರೋ ಊರುಗಳ ಮಕ್ಕಳ ಹಲ್ಲೂ ಬರಲಿ. ಕೊಯ್ಯೋದನ್ನ ನಾಕು ಜನಕ್ಕೆ ಕಲಿಸಿಕೊಡ್ತೀರಾ ಮಂಗಳಮ್ಮ?”

ಅವಳು ತಲೆಯಾಡಿಸಿದಳು. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಅವಳನ್ನು ಅದನ್ನು ಕೇಳಿರಲಿಲ್ಲ. ಆದರೆ ಆಗ ಅವಳಿಗೆ ಮನೆಗೆ ಹೋದರೆ ಸಾಕಾಗಿತ್ತು.

ಸಂಜೆ ಹೊನ್ನಮ್ಮ ಹೊಸ್ತಿಲಿನಲ್ಲೇ ಕೂತಿದ್ದಳು. ಈರಣ್ಣ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದ. ಸರ್ವಮಂಗಳಾ ಚಪ್ಪಲಿಯನ್ನೂ ಬಿಡದೆ ತಾಯಿಯ ಎದುರು ಕುಕ್ಕರುಗಾಲಿನಲ್ಲಿ ಕೂತು, ಸೀಸದ ಕಥೆ ಮೊದಲಿನಿಂದ ಹೇಳಿದಳು. ಮುದ್ರಣಾಲಯದ ಒಲೆ, ಕಿಟಕಿಯ ಎತ್ತರದ ಹೊಗೆ, ವಾರಕ್ಕೊಂದು ಏರು. ಅಪ್ಪನಿಗೂ ಗೊತ್ತಿರಲಿಲ್ಲ, ಸಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದಳು.

“ಆ ದಿನ?” ಎಂದಳು ಹೊನ್ನಮ್ಮ.

“ಆ ದಿನ ಒಲೆ ಹಚ್ಚಿರಲಿಲ್ಲ ಅವ್ವ. ಅಷ್ಟೂ ಶನಿವಾರದಾಗೆ ಅವನಿಗೆ ವಿಷ ಮುಟ್ಟದೆ ಇದ್ದಿದ್ದು ಅದೊಂದೇ ಶನಿವಾರ. ನೀನು ಸೌತೆಕಾಯಿ ಹೆಚ್ಚಿದ ದಿನ ಅವನು ಚೆನ್ನಾಗಿದ್ದ.”

ಹೊನ್ನಮ್ಮ ಮಗಳ ಮುಖವನ್ನೇ ನೋಡಿದಳು. “ಇನ್ನೊಂದು ಸಲ ಹೇಳು.”

ಸರ್ವಮಂಗಳಾ ಹೇಳಿದಳು. ಮೂರನೆಯ ಸಲವೂ ಹೇಳಿದಳು. ಆಮೇಲೆ ಮುದುಕಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಐವತ್ತು ವರ್ಷದಲ್ಲಿ ಮಗಳು ಅದನ್ನು ಕಂಡದ್ದು ಅದೇ ಮೊದಲು. ಈರಣ್ಣ ಗಾಬರಿಯಾಗಿ ಬಂದು, “ಯಾಕವ್ವ? ಯಾರು ಬೈದ್ರು?” ಎಂದು ಅವಳ ಬೆನ್ನು ಸವರಿದ.

“ಯಾರೂ ಬೈದಿಲ್ಲ ಕಣಪ್ಪ,” ಎಂದು ಹೊನ್ನಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಒಳಗೆ ಕೈ ತೋರಿಸಿದಳು. “ಮಂಗ್ಳಾ, ಈಳಿಗೆಮಣೆ ತಗಂಬಾ.”

ಬುಟ್ಟಿಯಲ್ಲಿ ಎರಡು ಸೌತೆಕಾಯಿಗಳಿದ್ದವು. ಹೊನ್ನಮ್ಮ ಒಂದು ಕಾಲನ್ನು ಮಣೆಯ ಮೇಲಿಟ್ಟು, ಮರೆತೇ ಹೋಗಿದೆಯೇನೋ ಎಂಬಂತೆ ಮೊದಲು ಅನುಮಾನಿಸಿ, ಆಮೇಲೆ ಸರಸರನೆ ಹೆಚ್ಚಿದಳು. ಈರಣ್ಣ ಕೈ ಚಾಚಿದ. ಅವಳು ಅವನ ಕೈಯನ್ನು ಮೆಲ್ಲಗೆ ಸರಿಸಿ ಮೊದಲ ಹೋಳನ್ನು ಮಗಳಿಗೆ ಕೊಟ್ಟಳು.

“ಅವತ್ತು ಪಕ್ಕದ್ಮನೆ ಆಯಮ್ಮ ನೋಡಿದ್ಲು ಅಂತ ನಿನ್ನ ಕೈಯಿಂದ ಅರ್ಧಕ್ಕೇ ಕಿತ್ಕಂಡೆ,” ಎಂದಳು. “ನೀನು ಹಸ್ಕಂಡೇ ಮಲಗಿದ್ದೆ. ಈಗ ತಿನ್ನು.”

ಸರ್ವಮಂಗಳಾ ಹೊಸ್ತಿಲಿನಲ್ಲಿ ಕೂತು, ಕಣ್ಣೀರು ಒರೆಸದೆ, ಅದನ್ನು ಪೂರ್ತಿ ತಿಂದಳು.